ಕ್ವರ್ಟಿ ಕೀಬೋರ್ಡ್ ಹುಟ್ಟಿದ ಬಂದೂಕು ಕಾರ್ಖಾನೆಗೆ ಬೀಗ ಬಿದ್ದಿದ್ದು ಹೇಗೆ?

ಈ ವಾರದ ವಿಡಿಯೋದ ಬರಹ ರೂಪ ಇದು. ಕೂತು ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೋತೀವಿ ಅನ್ನೋರಿಗಾಗಿ.

ಹೋದ ತಿಂಗಳು ವೀಸಾ ಸಂದರ್ಶನಕ್ಕೆ ಚಾಣಕ್ಯಪುರಿಗೆ ಹೋಗಿದ್ದೆ. ಶಾಂತಿಪಥದಲ್ಲಿರೋ ಅಮೆರಿಕ ರಾಯಭಾರ ಕಚೇರಿ. ಒಳಗೆ ಫೋನ್ ಬಿಡಲ್ಲ. ಗಾಜಿನ ಆಚೆ ಕೂತ ಅಧಿಕಾರಿ ನನ್ನ ಪ್ರತಿ ಉತ್ತರಕ್ಕೂ ಕೀಬೋರ್ಡ್ ಕುಟ್ಟುತ್ತಿದ್ದರು, ನಾನು ಅವರ ಬೆರಳುಗಳನ್ನೇ ನೋಡ್ತಾ ನಿಂತಿದ್ದೆ. ಕೆಲಸ ಮುಗಿಸಿ ಕೌಟಿಲ್ಯ ಮಾರ್ಗದ ಕರ್ನಾಟಕ ಭವನಕ್ಕೆ ಊಟಕ್ಕೆ ಬಂದು ಫೋನ್ ಆನ್ ಮಾಡಿದರೆ, ಗೆಳೆಯನ ಮೆಸೇಜ್: "ಮಗಾ, ಲೇಆಫ್ ಲಿಸ್ಟಲ್ಲಿ ನನ್ನ ಹೆಸರೂ ಇದೆ. ಅಮ್ಮನ ಇನ್ಶೂರೆನ್ಸ್ ಎಲ್ಲಿವರೆಗೆ ಇರುತ್ತೋ ಗೊತ್ತಿಲ್ಲ."

ಕೀಬೋರ್ಡು, ಲೇಆಫು. ಎರಡೂ ಸೇರಿ ನನಗೆ ಒಂದು ಊರು ನೆನಪಾಯ್ತು. ನ್ಯೂಯಾರ್ಕ್ ರಾಜ್ಯದ ಇಲಿಯನ್. ಸುಮಾರು ಎಂಟು ಸಾವಿರ ಜನರ ಪುಟ್ಟ ಊರು. ಅಲ್ಲಿ ರೆಮಿಂಗ್ಟನ್ ಬಂದೂಕು ಕಾರ್ಖಾನೆ ಇತ್ತು.

ಕುಲುಮೆಯಿಂದ ಕೀಬೋರ್ಡಿಗೆ

ಎಲಿಫಲೆಟ್ ರೆಮಿಂಗ್ಟನ್ ಅನ್ನೋ ಯುವಕ ತಂದೆಯ ಕುಲುಮೆಯಲ್ಲಿ ಬಂದೂಕಿನ ನಳಿಗೆ ಮಾಡಿದ್ದು 1816ರಲ್ಲಿ ಅಂತ ಕಂಪನಿಯ ಇತಿಹಾಸ ಹೇಳುತ್ತೆ. 1825ರಲ್ಲಿ ಈರಿ ಕಾಲುವೆ ತೆರೆಯಿತು. ಸರಕು ಸಾಗಿಸೋದು ಸುಲಭ ಅಂತ 1828ರಲ್ಲಿ ಕೆಲಸವನ್ನ ಕಾಲುವೆ ಪಕ್ಕದ ಇಲಿಯನ್‌ಗೆ ತಂದರು. ಅಲ್ಲಿಂದ ಮುಂದೆ ಊರಿಗೂ ಕಾರ್ಖಾನೆಗೂ ಒಂದೇ ಜಾತಕ. ಅಜ್ಜ, ಅಪ್ಪ, ಮಗ ಒಂದೇ ಗೇಟಿನೊಳಗೆ ಹೋಗಿ ಬಂದ ಮನೆಗಳು ಅಲ್ಲಿವೆ.

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಬಂದೂಕಿಗೆ ಬೇಡಿಕೆ ಇಳಿಯಿತು. ಯಂತ್ರಗಳಿವೆ, ಕೈ ಪಳಗಿದ ಕೆಲಸಗಾರರಿದ್ದಾರೆ, ಏನು ಮಾಡೋದು? ಹೊಲಿಗೆ ಯಂತ್ರ ಮಾಡಿದರು, ಕೃಷಿ ಉಪಕರಣ ಮಾಡಿದರು. 1873ರಲ್ಲಿ ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರ ಟೈಪ್‌ರೈಟರ್ ತಯಾರಿಸೋಕೆ ಒಪ್ಪಂದ ಮಾಡ್ಕೊಂಡರು. ಮರುವರ್ಷ ಅದು ಮಾರುಕಟ್ಟೆಗೆ ಬಂತು. ನಾವು ಇವತ್ತು ಕೋಡ್ ಬರೆಯೋ ಕ್ವರ್ಟಿ ಜೋಡಣೆ ಮಾರುಕಟ್ಟೆಗೆ ಬಂದಿದ್ದು ಆ ಯಂತ್ರದ ಮೂಲಕ. 1878ರ ಎರಡನೇ ಮಾದರಿಯಲ್ಲಿ ಶಿಫ್ಟ್ ಕೀ ಕೂಡ ಬಂತು.

ಆದರೆ ಬೇರೆ ವ್ಯವಹಾರಗಳ ನಷ್ಟ ತಡೆಯೋಕಾಗಲಿಲ್ಲ. 1886ರಲ್ಲಿ ಟೈಪ್‌ರೈಟರ್ ವಿಭಾಗವನ್ನ ಮಾರಿಬಿಟ್ಟರು. ಅದೇ ವರ್ಷ ಕಂಪನಿ ದಿವಾಳಿ ಆಯ್ತು, 1888ರಲ್ಲಿ ಬಂದೂಕು ಕಾರ್ಖಾನೆ ಬೇರೆಯವರ ಪಾಲಾಯ್ತು. ಮಾರಿದ ವಿಭಾಗದ ಗತಿ ಏನಾಯ್ತು ನೋಡಿ. 1927ರಲ್ಲಿ ಅದು ರೆಮಿಂಗ್ಟನ್ ರ‍್ಯಾಂಡ್ ಆಯ್ತು. ಆ ಕಂಪನಿ 1951ರಲ್ಲಿ ಯುನಿವ್ಯಾಕ್ ಕಂಪ್ಯೂಟರನ್ನ ಅಮೆರಿಕದ ಜನಗಣತಿ ಇಲಾಖೆಗೆ ಕೊಟ್ಟಿತು. 1955ರಲ್ಲಿ ಸ್ಪೆರಿ ರ‍್ಯಾಂಡ್, 1986ರಲ್ಲಿ ಯುನಿಸಿಸ್. ಬೆಂಗಳೂರಲ್ಲಿ ಯುನಿಸಿಸ್‌ನಲ್ಲಿ ಕೆಲಸ ಮಾಡಿದೋರು ನಿಮ್ಮಲ್ಲೂ ಇರಬಹುದು. ನಿಮ್ಮ ಕಂಪನಿಯ ವಂಶವೃಕ್ಷದಲ್ಲಿ ಒಂದು ಬಂದೂಕು ಕುಲುಮೆ ಇದೆ!

ಸಾಲ ಒಬ್ಬರದು, ಕಂತು ಇನ್ನೊಬ್ಬರದು

ಇತ್ತ ಇಲಿಯನ್‌ನಲ್ಲಿ ಬಂದೂಕು ತಯಾರಿಕೆ ಮುಂದುವರೀತು. 1933ರಿಂದ 1993ರವರೆಗೆ ಕಂಪನಿ ಡುಪಾಂಟ್ ಹಿಡಿತದಲ್ಲಿತ್ತು. 1950ರಲ್ಲಿ ಬಂದ ಮಾಡೆಲ್ 870 ಶಾಟ್‌ಗನ್ ಒಂದು ಕೋಟಿಗೂ ಹೆಚ್ಚು ಮಾರಾಟವಾಯ್ತು.

ನಮ್ಮಲ್ಲಿ ಹಳೇ ಕಾರ್ಖಾನೆ ಮುಚ್ಚಿತು ಅಂದ್ರೆ ಎಚ್‌ಎಂಟಿ ವಾಚು ನೆನಪಾಗುತ್ತೆ. ಅಲ್ಲಿ ಕ್ವಾರ್ಟ್ಜ್ ಬಂತು, ಹೊಸೂರಿನ ಟೈಟನ್ ಬಂತು, ಗಿರಾಕಿ ಆ ಕಡೆ ಹೋದ. 2016ರಲ್ಲಿ ಕೇಂದ್ರ ಸರ್ಕಾರ ಬಾಗಿಲು ಹಾಕೋ ತೀರ್ಮಾನ ಮಾಡ್ತು. ರೆಮಿಂಗ್ಟನ್ ಕಥೆ ಹಾಗಿಲ್ಲ. 2020ರಲ್ಲಿ ಕೋವಿಡ್ ಭಯಕ್ಕೆ ಅಮೆರಿಕದಲ್ಲಿ ದಾಖಲೆ ಬಂದೂಕು ಮಾರಾಟ. ಆ ವರ್ಷ ಎಫ್‌ಬಿಐ ವ್ಯವಸ್ಥೆಯಲ್ಲಿ ನಡೆದ ಹಿನ್ನೆಲೆ ತಪಾಸಣೆಗಳೇ 3.9 ಕೋಟಿ ದಾಟಿದವು. ಅದೇ ವರ್ಷದ ಜುಲೈನಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು, ಅದೂ ಎರಡು ವರ್ಷದಲ್ಲಿ ಎರಡನೇ ಸಲ. ಅಂಗಡಿ ಮುಂದೆ ಗಿರಾಕಿಗಳ ಸಾಲು, ಒಳಗೆ ಮಾಲೀಕ ದಿವಾಳಿ. ಇದು ಹೇಗೆ?

ಉತ್ತರದ ದೊಡ್ಡ ಪಾಲು ಸಾಲದಲ್ಲಿದೆ. 2007ರಲ್ಲಿ ಸೆರ್ಬೆರಸ್ ಎಂಬ ಖಾಸಗಿ ಹೂಡಿಕೆ ಸಂಸ್ಥೆ ರೆಮಿಂಗ್ಟನ್‌ನ್ನ ಕೊಂಡಿತು. ಇನ್ನೂ ಹಲವು ಬಂದೂಕು ಕಂಪನಿಗಳನ್ನ ಸೇರಿಸಿ ಫ್ರೀಡಂ ಗ್ರೂಪ್ ಕಟ್ಟಿತು. ನಾವು ಮನೆ ಕೊಂಡರೆ ಸಾಲದ ಕಂತು ನಮ್ಮ ಸಂಬಳದಿಂದ ಹೋಗುತ್ತೆ. ಇಂಥ ಖರೀದಿಗಳಲ್ಲಿ ಸಾಲ ಸಾಮಾನ್ಯವಾಗಿ ಕೊಂಡ ಕಂಪನಿಯ ತಲೆ ಮೇಲೇ ಕೂರುತ್ತೆ. ಮನೆಯೇ ದುಡಿದು ತನ್ನ ಕಂತು ತಾನೇ ಕಟ್ಟಿದ ಹಾಗೆ. ಮಾರಾಟ ಚೆನ್ನಾಗಿದ್ದಾಗ ನಡೀತದೆ. ಒಂದೆರಡು ವರ್ಷ ಇಳಿದರೆ ಬಡ್ಡಿಗೇ ಸಾಲಲ್ಲ, ಹೊಸ ಯಂತ್ರಕ್ಕೆ ಎಲ್ಲಿಂದ ತರೋದು?

ಇದರ ಜೊತೆಗೆ 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಹತ್ಯೆಯಾದರು. ಬಳಕೆಯಾದದ್ದು ಇದೇ ಗುಂಪಿನ ಬುಷ್‌ಮಾಸ್ಟರ್ ರೈಫಲ್. ಮಕ್ಕಳನ್ನ ಕಳಕೊಂಡ ಕುಟುಂಬಗಳು ಕೋರ್ಟಿಗೆ ಹೋದವು. 2022ರಲ್ಲಿ ವಿಮಾ ಕಂಪನಿಗಳು 7.3 ಕೋಟಿ ಡಾಲರ್ ಕೊಡೋಕೆ ಒಪ್ಪಿ ಪ್ರಕರಣ ಮುಗೀತು. ನ್ಯೂಯಾರ್ಕ್ ರಾಜ್ಯ 2013ರಲ್ಲೇ ಬಂದೂಕು ಕಾನೂನು ಬಿಗಿ ಮಾಡಿತ್ತು. 2014ರಲ್ಲಿ ಕಂಪನಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಹೊಸ ಘಟಕ ತೆರೆದು, ಇಲಿಯನ್‌ನ ಕೆಲವು ಲೈನ್‌ಗಳನ್ನ ಅಲ್ಲಿಗೆ ಒಯ್ದಿತು. 2016ರ ಚುನಾವಣೆ ನಂತರ ಕಾನೂನು ಬಿಗಿಯಾಗೋ ಭಯ ಹೋಗಿ ಮಾರಾಟ ಇಳೀತು. 2018ರಲ್ಲಿ ಮೊದಲ ದಿವಾಳಿ. 70 ಕೋಟಿ ಡಾಲರಿಗೂ ಹೆಚ್ಚು ಸಾಲ ಇಳಿಸಿಕೊಂಡು ಹೊರಬಂದರೂ ಚೇತರಿಸಿಕೊಳ್ಳಲಿಲ್ಲ.

ಅಕ್ಟೋಬರ್ 31

2020ರಲ್ಲಿ ಕಂಪನಿಯನ್ನ ತುಂಡು ತುಂಡಾಗಿ ಮಾರಿದರು. ಮಾರ್ಲಿನ್ ಒಬ್ಬರಿಗೆ, ಮದ್ದುಗುಂಡಿನ ವ್ಯವಹಾರ ಇನ್ನೊಬ್ಬರಿಗೆ. ಇಲಿಯನ್ ಕಾರ್ಖಾನೆ ಸೇರಿದ ಭಾಗ 1.3 ಕೋಟಿ ಡಾಲರಿಗೆ ರೌಂಡ್‌ಹಿಲ್ ಎಂಬ ಗುಂಪಿಗೆ ಹೋಯ್ತು. ಅಕ್ಟೋಬರ್‌ನಲ್ಲಿ 585 ಕೆಲಸಗಾರರನ್ನ ತೆಗೆದರು. ಅಕ್ಟೋಬರ್ 31ಕ್ಕೆ ಆರೋಗ್ಯ ವಿಮೆ ಬಂದ್. ಕೋವಿಡ್ ನಡುವೆ! ಒಪ್ಪಂದದಲ್ಲಿದ್ದ ಪರಿಹಾರ, ಉಳಿದ ರಜೆಯ ಹಣ ಕೂಡ ಕೊಡಲ್ಲ ಅಂದರು. ದಿವಾಳಿ ಪ್ರಕ್ರಿಯೆಯಲ್ಲಿ ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರದು ಮೊದಲ ಪಂಕ್ತಿ. ಕೆಲಸಗಾರರು ಎಲೆ ಮುಂದೆ ಕೂರೋ ಹೊತ್ತಿಗೆ ಪಾತ್ರೆ ಖಾಲಿ.

2021ರಲ್ಲಿ ಹೊಸ ಮಾಲೀಕರು ಒಂದಿಷ್ಟು ಜನರನ್ನ ವಾಪಸ್ ಕರೆದರು. ಊರಿಗೆ ಆಸೆ ಚಿಗುರಿತು. 2023ರ ನವೆಂಬರ್ 30ರಂದು ಯೂನಿಯನ್‌ಗೆ ಪತ್ರ ಬಂತು: ಮಾರ್ಚ್ ಮೊದಲ ವಾರಕ್ಕೆ ಮುಚ್ತೀವಿ, ಕೆಲಸವೆಲ್ಲ ಜಾರ್ಜಿಯಾದ ಲಗ್ರೇಂಜ್‌ಗೆ. ಹಳೇ ಕಟ್ಟಡಗಳ ಖರ್ಚು, ನ್ಯೂಯಾರ್ಕಿನ ಕಾನೂನು ವಾತಾವರಣ, ಇವು ಕೊಟ್ಟ ಕಾರಣಗಳು. 2024ರ ಮಾರ್ಚ್‌ನಲ್ಲಿ ಬೀಗ ಬಿತ್ತು. 196 ವರ್ಷದ ನಂಟು ಮುಗೀತು.

ನಮಗೆ ಇದರಲ್ಲಿ ಏನಿದೆ?

ಬಂದೂಕು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಚರ್ಚೆ ಬೇರೆ. ನನ್ನನ್ನ ಕಾಡಿದ್ದು ಆ 585 ಜನ. ಅವರ ಕೈಕೆಲಸದಲ್ಲಿ ಕೊರತೆ ಇತ್ತು ಅಂತಲ್ಲ, ಮಾಲು ಬೇಡ ಅಂತ ಗಿರಾಕಿ ಹೇಳಿದ್ದೂ ಅಲ್ಲ. ಅವರು ನೋಡದೇ ಇದ್ದ ಒಂದು ಲೆಕ್ಕದ ಪುಸ್ತಕದಲ್ಲಿ ಅವರ ಹಣೆಬರಹ ಬರೆದಾಗಿತ್ತು. "ನಾನು ಚೆನ್ನಾಗಿ ಕೆಲಸ ಮಾಡ್ತೀನಿ, ನನಗೇನಾಗಲ್ಲ" ಅಂತ ನಾನೂ ಹತ್ತು ವರ್ಷ ನಂಬಿದ್ದೆ. ನನ್ನ ಗೆಳೆಯನೂ ನಂಬಿದ್ದ.

ಅವತ್ತು ಸಂಜೆ ಇಬ್ಬರೂ ಕೂತು ಅವನ ವಿಮೆಯ ಕಾಗದ ಓದಿದ್ವಿ. ಕೊನೆಯ ಕೆಲಸದ ದಿನಕ್ಕೇ ಗುಂಪು ವಿಮೆ ನಿಲ್ಲುತ್ತೆ ಅಂತಿತ್ತು. ಅದನ್ನ ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಯಾಗಿ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಬಹುದು, ಆದರೆ ಕೆಲಸದಲ್ಲಿ ಇರುವಾಗಲೇ ಕೇಳಬೇಕು. ಮರುದಿನವೇ ಹಾಕಿದ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಹೊಸ ಪಾಲಿಸಿ ಸಿಗೋದು ಅಷ್ಟು ಸಲೀಸಲ್ಲ.

ಅದಕ್ಕೇ ಮೂರು ವಿಷಯ ಈ ವಾರವೇ ನೋಡಿಟ್ಕೊಳ್ಳಿ. ಅಪ್ಪ ಅಮ್ಮನ ವಿಮೆ ನಿಮ್ಮ ಕೆಲಸಕ್ಕೆ ಮಾತ್ರ ಅಂಟಿಕೊಂಡಿದೆಯಾ? ನಿಮ್ಮ ಕಂಪನಿಯ ಮಾಲೀಕರು ಯಾರು, ಅದರ ಮೇಲೆ ಎಷ್ಟು ಸಾಲ ಇದೆ? ಎಚ್-1ಬಿ ಮೇಲೆ ಅಲ್ಲಿರೋರು, ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಆ 60 ದಿನಕ್ಕೆ ನಿಮ್ಮ ಹತ್ರ ಏನು ತಯಾರಿ ಇದೆ?

ನನ್ನ ವೀಸಾ ಆಯ್ತು. ಪಾಸ್‌ಪೋರ್ಟ್ ಕೈಗೆ ಬಂದ ದಿನ ಮೊದಲು ಮಾಡಿದ ಕೆಲಸ, ಅಪ್ಪ ಅಮ್ಮನ ಹೆಸರಲ್ಲಿ ಬೇರೆ ಪಾಲಿಸಿಗೆ ಅರ್ಜಿ. ಅದೇ ಕ್ವರ್ಟಿ ಕೀಬೋರ್ಡಲ್ಲಿ.

ನಿಮ್ಮ ಊರಲ್ಲೂ ಇಂಥ ಕಾರ್ಖಾನೆ ಇತ್ತಾ? ಕೆಳಗೆ ಬರೀರಿ. ಮುಂದಿನ ವಾರ ಸಿಗೋಣ.