ಸಿಡುಕಿನ ಹಿಂದಿನ ಸಂಕಟ

ಹನ್ನೆರಡು ವರ್ಷದ ಹುಡುಗನಿಗೆ ಖಿನ್ನತೆ ಬಂದರೆ ಮೂಲೆಯಲ್ಲಿ ಕೂತು ಅಳಬೇಕೆಂದೇನಿಲ್ಲ. ಸಿಡುಕುತ್ತಾನೆ, ತಂಗಿಯ ಮೇಲೆ ಕೈಮಾಡುತ್ತಾನೆ, ಶಾಲೆಯ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ. ಎರಡು ವಾರ ಕಳೆದರೂ ಇದು ಬಿಡದೆ, ಆಟ, ಊಟ, ನಿದ್ದೆಗಳೆಲ್ಲ ಕೆಟ್ಟಿದ್ದರೆ ಅದನ್ನು ಹಠವೆಂದು ತಳ್ಳಿಹಾಕುವುದು ತಪ್ಪು.

ಈ ವಯಸ್ಸಿನ ಮಿದುಳಿನಲ್ಲಿ ಸುಖಕ್ಕೆ ತುಡಿಯುವ ಭಾಗ ಬೇಗ ಚುರುಕಾಗುತ್ತದೆ. ಅದಕ್ಕೆ ಕಡಿವಾಣ ಹಾಕುವ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿಗೆ. ಸಂಕಟದಲ್ಲಿರುವ ಮಗುವಿಗೆ ಗುಟ್ಕಾವೋ ಗಾಂಜಾವೋ ಗಳಿಗೆಯ ನೆಮ್ಮದಿ ಕೊಡುತ್ತದೆ. ಅಮಲಿಳಿದ ಮೇಲೆ ಬೇಸರ ಇನ್ನಷ್ಟು ಕವಿಯುತ್ತದೆ, ಕೈ ಮತ್ತೆ ಅತ್ತಲೇ ಹೋಗುತ್ತದೆ.

2019ರಲ್ಲಿ ಪ್ರಕಟವಾದ, ಮಾದಕವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆಯ ಒಂದು ಅಂಕಿ ನನ್ನನ್ನು ಬಹಳ ಕಾಡುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಬಳಕೆ ಒಂದೇ, ಮೂಸುವ ರಾಸಾಯನಿಕಗಳದ್ದು: 10ರಿಂದ 17ರ ವಯಸ್ಸಿನವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್ ಕಡಿಮೆ ದುಡ್ಡಿಗೆ ಸಿಗುತ್ತವೆ. ಇಂಥವುಗಳಲ್ಲಿರುವ ಟಾಲ್ಯುಯೀನ್ ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಸೆಕೆಂಡುಗಳಲ್ಲಿ ಮಿದುಳು ಸೇರುತ್ತದೆ. ಮೊದಲ ಸಲ ಮೂಸಿದಾಗಲೇ ಹೃದಯದ ಲಯ ತಪ್ಪಿ ಸಾಯುವುದೂ ಉಂಟು.

ವ್ಯಸನ ಯಾವ ಜಾತಿಯ, ಯಾವ ಧರ್ಮದ ಗುಣವೂ ಅಲ್ಲ. ಆದರೆ ಅಲ್ಪಸಂಖ್ಯಾತ ಮನೆಯ ಮಗುವಿಗೆ ಹೊರೆ ಎರಡು ಪಟ್ಟು. ತರಗತಿಯಲ್ಲಿ ‘ನಿಮ್ಮವರು’ ಎಂದು ಬೆರಳು ತೋರಿಸುವ ಮಾತುಗಳು ಮನಸ್ಸನ್ನು ಸವೆಸುತ್ತವೆ. ತಾರತಮ್ಯ ಅನುಭವಿಸಿದ ಎಳೆಯರಲ್ಲಿ ಖಿನ್ನತೆ ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ತಮ್ಮವರ ನಡುವಿನ ಬಾಳು, ಮಸೀದಿ, ಇಗರ್ಜಿಗಳ ನಂಟು ಆ ಗಾಯಕ್ಕೆ ಆಸರೆಯಾಗುವುದೂ ನಿಜ. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಮದ್ಯ ನಿಷಿದ್ಧ. ಆ ಕಟ್ಟುಪಾಡು ಎಷ್ಟೋ ಮಕ್ಕಳನ್ನು ಕಾಯುತ್ತದೆ. ಆದರೆ ಒಬ್ಬ ಹುಡುಗ ಅದನ್ನು ದಾಟಿಬಿಟ್ಟರೆ ಅದೇ ಕಟ್ಟುಪಾಡು ಬಾಯಿ ಕಟ್ಟುತ್ತದೆ. ಗಲ್ಫಿನಲ್ಲಿರುವ ಅಪ್ಪನಿಗೆ ಗೊತ್ತಾಗಬಾರದು, ಜಮಾತಿಗೆ ಸುದ್ದಿ ಹೋಗಬಾರದು, ಪೊಲೀಸರು ಬರಬಾರದು. ಒಬ್ಬನ ತಪ್ಪಿಗೆ ಇಡೀ ಸಮುದಾಯದ ಹೆಸರು ಕೆಡುತ್ತದೆಂಬ ಭಯ ಸುಳ್ಳಲ್ಲ, ಆ ಭಯವನ್ನು ಹುಟ್ಟಿಸಿದವರು ನಾವೇ, ಸುತ್ತಲಿನವರು. ಚಿಕಿತ್ಸೆ ತಡವಾಗುವುದು ಇಲ್ಲಿ.

ಮಂಗಳೂರಿನ ಹಂಪನಕಟ್ಟೆಯಲ್ಲಿ 1848ರಿಂದ ಇರುವ ವೆನ್ಲಾಕ್ ಜಿಲ್ಲಾಸ್ಪತ್ರೆಗೆ ಕಾಸರಗೋಡಿನಿಂದಲೂ ರೋಗಿಗಳು ಬರುತ್ತಾರೆ. ಜ್ವರಕ್ಕೆ ಚೀಟಿ ಮಾಡಿಸಿದಷ್ಟೇ ಸಲೀಸಾಗಿ ಮನಸ್ಸಿನ ನೋವಿಗೂ ಅಲ್ಲಿ ಚೀಟಿ ಮಾಡಿಸುವಂತಾಗಬೇಕು. ಖಿನ್ನತೆ, ವ್ಯಸನ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಮರುಕಳಿಸುತ್ತದೆ. ಆಪ್ತಸಮಾಲೋಚನೆ ಮೊದಲು, ಅಗತ್ಯವಿದ್ದವರಿಗೆ ಮಾತ್ರೆ. ರೋಗಿಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಟ್ಟಳೆ. 2015ರ ಬಾಲನ್ಯಾಯ ಕಾಯ್ದೆಯಡಿ, ಮಗುವಿಗೆ ಮದ್ಯವನ್ನೋ ತಂಬಾಕನ್ನೋ ಮಾದಕವಸ್ತುವನ್ನೋ ಕೊಟ್ಟವನಿಗೆ 7 ವರ್ಷದವರೆಗೆ ಜೈಲು.

ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಕೆಯಾದರೆ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹುಡುಗ ಒಪ್ಪದಿದ್ದರೂ ತಾಯಿಯೊಬ್ಬಳೇ ಮೊದಲು ಮಾತಾಡಬಹುದು.