ಅಂತರ್ಜಾಲದಲ್ಲಿ ನಮ್ಮದೊಂದು ಹೆಸರು

ತಮ್ಮ ಕವಿತೆಗಳನ್ನೋ ಊರಿನ ನೆನಪುಗಳನ್ನೋ ಮಾಡುವ ಕಸುಬಿನ ವಿವರವನ್ನೋ ನಾಲ್ಕು ಜನ ನೋಡುವಂತೆ ಸ್ವಂತ ವೆಬ್‌ಸೈಟ್ ತೆರೆಯಬೇಕೆಂಬ ಆಸೆ ನಮ್ಮ ವಾಚನಾಲಯಕ್ಕೆ ಬರುವ ಹಲವರಲ್ಲಿ ಉಂಟು. ಅದಕ್ಕೆ ಮೊದಲು ಬೇಕಾದದ್ದು ವಿಳಾಸದ ಹೆಸರು. ಇದಕ್ಕೆ ಡೊಮೇನ್ ಎನ್ನುತ್ತಾರೆ. ಇದನ್ನು ಯಾರೂ ಶಾಶ್ವತವಾಗಿ ಕೊಳ್ಳುವಂತಿಲ್ಲ. ಮನೆ ಬಾಡಿಗೆಯ ಹಾಗೆ ವರ್ಷ ವರ್ಷವೂ ಹಣ ಕಟ್ಟಿ ಉಳಿಸಿಕೊಳ್ಳತಕ್ಕದ್ದು. ಒಮ್ಮೆಗೆ ಹೆಚ್ಚೆಂದರೆ 10 ವರ್ಷದ ಮಟ್ಟಿಗೆ ಕಟ್ಟಬಹುದು.

ಹೆಸರು ಮೊದಲು ಕೇಳಿದವರಿಗೆ ಸಿಕ್ಕುತ್ತದೆ. ಕುಲಕರ್ಣಿ, ಪಾಟೀಲ, ದೇಶಪಾಂಡೆ ಎಂಬ ಅಡ್ಡಹೆಸರುಗಳು ನಮ್ಮಲ್ಲಿಯೂ ಮರಾಠಿಗರಲ್ಲಿಯೂ ಹೇರಳವಾಗಿರುವುದರಿಂದ ಬರಿಯ ಅಡ್ಡಹೆಸರು ಇನ್ನೂ ಉಳಿದಿದ್ದೀತೆಂದು ಆಶಿಸಬಾರದು. ಅದರೊಡನೆ ಸ್ವಂತ ಹೆಸರನ್ನೋ ಕಸುಬನ್ನೋ ಸೇರಿಸಬೇಕಾಗುತ್ತದೆ. ಊರಿನ ಹೆಸರನ್ನು ಸೇರಿಸುವವರು ಸ್ವಲ್ಪ ಯೋಚಿಸುವುದು ಒಳ್ಳೆಯದು. 1978ರಲ್ಲಿ ಪೂನಾ ಪುಣೆಯಾಯಿತು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು, ಗುಲಬರ್ಗಾ ಕಲಬುರಗಿಯಾಯಿತು.

ದೊಡ್ಡ ತೊಡಕೆಂದರೆ ರೋಮನ್ ಲಿಪಿಯದು. ಅದರಲ್ಲಿ ಲಕಾರ ಳಕಾರಗಳ ಭೇದವಿಲ್ಲ, ನಕಾರ ಣಕಾರಗಳ ಭೇದವೂ ಇಲ್ಲ. ದೀರ್ಘಸ್ವರವನ್ನು ಒಬ್ಬರು ಒಂದಕ್ಷರದಿಂದ ಬರೆದರೆ ಇನ್ನೊಬ್ಬರು ಎರಡರಿಂದ ಬರೆಯುತ್ತಾರೆ. ನಾವು ಕುಲಕರ್ಣಿ ಎಂದು ಹೇಳಿದ್ದನ್ನು ಇಲ್ಲಿಯ ನೆರೆಯವರು ಕುಲ್ಕರ್ಣಿ ಎಂದು ಬರೆದುಕೊಳ್ಳುತ್ತಾರೆ. ಆದಕಾರಣ ಹೆಸರನ್ನು ಗೊತ್ತುಮಾಡುವ ಮೊದಲು ಒಬ್ಬ ಕನ್ನಡಿಗರಿಗೂ ಒಬ್ಬ ಮರಾಠಿಗರಿಗೂ ಅದನ್ನು ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ, ಬರೆದು ಕಳಿಸಲು ಕೇಳಿರಿ. ಇಬ್ಬರೂ ಒಂದೇ ರೀತಿ ಬರೆದರೆ ಆ ಹೆಸರು ನಡೆದೀತು. 63 ಅಕ್ಷರಗಳವರೆಗೆ ಅವಕಾಶವಿದೆ, ನಿಜ. ಅಷ್ಟನ್ನು ಒತ್ತುತ್ತ ಕೂಡ್ರುವವರು ಯಾರು? ನಡುವೆ ಅಡ್ಡಗೆರೆಯೂ ಸಲ್ಲುತ್ತದೆ, ಆದರೆ ಅದನ್ನು ಬಾಯಿಂದ ಹೇಳಿ ತಿಳಿಸುವುದು ಪೀಕಲಾಟವೇ ಸರಿ.

ಕನ್ನಡ ಲಿಪಿಯಲ್ಲಿಯೇ 'ಡಾಟ್ ಭಾರತ' ಎಂದು ಕೊನೆಗೊಳ್ಳುವ ವಿಳಾಸವೂ ಇದೆ. ಅಭಿಮಾನದ ಮಾತೇನೋ ಹೌದು. ಆದರೆ ಕನ್ನಡ ಓದಲು ಬಾರದ ಪುಣೆಯ ಗಿರಾಕಿಗೆ ಅದು ಉಪಯೋಗಕ್ಕೆ ಬಾರದು. ಊರ ಕಡೆಯ ಓದುಗರೇ ಸಾಕೆನ್ನುವವರು ಧಾರಾಳವಾಗಿ ಆರಿಸಿಕೊಳ್ಳಬಹುದು.

ಇನ್ನು ಬೆಲೆ. ಮೊದಲ ವರ್ಷದ ಅಗ್ಗಕ್ಕೆ ಮರುಳಾಗಬೇಡಿರಿ. ನೂರಿನ್ನೂರು ರೂಪಾಯಿಗೆ ಕೊಟ್ಟ ಹೆಸರಿಗೆ ಎರಡನೆಯ ವರ್ಷ ಅದರ ಹಲವು ಪಟ್ಟು ಕೇಳುವುದುಂಟು. ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ನವೀಕರಣದ ದರವನ್ನು ಓದಿ, ಅದನ್ನು ಪ್ರತಿವರ್ಷ ಪಗಾರದಿಂದ ತೆಗೆದಿಡಲು ಸಾಧ್ಯವೇ ಎಂದು ಲೆಕ್ಕ ಹಾಕಿರಿ. 2005ರಿಂದ ಜನಸಾಮಾನ್ಯರಿಗೆ ತೆರೆದ, ನಮ್ಮ ದೇಶದ 'ಡಾಟ್ ಇನ್' ಸಾಮಾನ್ಯವಾಗಿ 'ಡಾಟ್ ಕಾಮ್'ಗಿಂತ ಅಗ್ಗ. ಪೂರ್ತಿ ಪುಕ್ಕಟೆಯದನ್ನು ನೆಚ್ಚುವಂತಿಲ್ಲ: ಬಹಳ ಕಾಲ ಪುಕ್ಕಟೆಯಾಗಿ ಹಂಚಲಾಗುತ್ತಿದ್ದ ಟೊಕೆಲಾವು ದ್ವೀಪದ 'ಡಾಟ್ ಟಿಕೆ' ಹೆಸರುಗಳ ಹೊಸ ನೋಂದಣಿ 2023ರಲ್ಲಿ ನಿಂತುಹೋಯಿತು.

ನಮ್ಮ ಪರಿಚಯದ ಕಾರಕೂನರೊಬ್ಬರು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿಯೇ ನೋಂದಣಿಯನ್ನೂ ಬಿಟ್ಟಿದ್ದರು. ಹುಡುಗ ಬೇರೆ ಊರಿಗೆ ಹೋದ. ಅವಧಿ ಮುಗಿಯುವ ಎಚ್ಚರಿಕೆಗಳೆಲ್ಲ ಅವನ ಇಮೇಲಿಗೆ ಹೋದವು. ಆರು ವರ್ಷ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದ ಹೆಸರು ಇಂದು ಯಾವುದೋ ಜೂಜಿನ ಪುಟವನ್ನು ತೋರಿಸುತ್ತದೆ. ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಫೋನ್ ನಂಬರಿನಲ್ಲಿಯೇ ಇರಲಿ. ಅವಧಿ ಮುಗಿಯುವ ತಾರೀಖನ್ನು ವಿಮೆಯ ಕಂತಿನ ತಾರೀಖಿನ ಪಕ್ಕದಲ್ಲಿ ಬರೆದಿಡಿರಿ.