ರಟ್ಟಿನ ಕೊಳವೆಯಲ್ಲಿ ಮಂದ್ರಸ್ವರ



ವೈದ್ಯರ ಉಪನ್ಯಾಸವೆಂದೊಡನೆ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಕೇಳಲು ತಾವು ಸಿದ್ಧರಾಗಿ ಬಂದಿರಬಹುದು. ಇಂದು ನಾವು ಆರಿಸಿಕೊಂಡಿರುವುದು ಒಂದು ರಟ್ಟಿನ ಕೊಳವೆಯನ್ನು. ಲಾಂಗ್ ಬೀಚಿನ ಕಟ್ಟಡ ಸಾಮಗ್ರಿಯ ಅಂಗಡಿಗಳಲ್ಲಿ ಇದನ್ನು ತಾವೆಲ್ಲರೂ ಕಂಡಿರುತ್ತೀರಿ. ಕಂಬ ನಿಲ್ಲಿಸುವವರು ಇದರೊಳಗೆ ಕಾಂಕ್ರೀಟು ಸುರಿದು, ಗಟ್ಟಿಯಾದ ಮೇಲೆ ರಟ್ಟನ್ನು ಸುಲಿದು ಎಸೆಯುತ್ತಾರೆ. 'ಸೋನೋಟ್ಯೂಬ್' ಎಂಬುದು ಒಂದು ಕಂಪನಿಯ ವ್ಯಾಪಾರನಾಮವಾದರೂ ಜನರ ಬಾಯಲ್ಲಿ ಎಲ್ಲ ಕೊಳವೆಗಳಿಗೂ ಅದೇ ಹೆಸರು. ಎಸೆಯುವ ಈ ವಸ್ತುವಿನಿಂದ ಉತ್ತಮವಾದ ಧ್ವನಿವರ್ಧಕದ ಪೆಟ್ಟಿಗೆಯನ್ನು ಮಾಡಬಹುದು, ಮತ್ತು ಅದು ಕಿವಿಯ ಆರೋಗ್ಯಕ್ಕೂ ಹಿತ ಎಂಬುದು ನಮ್ಮ ವಾದ.

ಮೊದಲು ಕಿವಿಯ ವಿಚಾರ. ಹಾರ್ಮೋನಿಯಮ್ಮಿನ 'ಕಪ್ಪು ಒಂದ'ರ ಶ್ರುತಿಗೆ ಸೇರಿಸಿದ ಗಂಡಸರ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ ಸುಮಾರು 69 ಬಾರಿ ಕಂಪಿಸುತ್ತದೆ. ಮೃದಂಗದ ಎಡಭಾಗದ ಗುಂಕಾರ, ಡೊಳ್ಳಿನ ಪೆಟ್ಟು ಇವೂ ತಗ್ಗಿನ ನಾದಗಳೇ. ಕಪಾಟಿನ ಮೇಲೆ ಕೂರುವ ಸಣ್ಣ ಸ್ಪೀಕರುಗಳಿಗೆ ಇಷ್ಟು ಕೆಳಗೆ ಗಾಳಿಯನ್ನು ತಳ್ಳುವ ಶಕ್ತಿಯಿಲ್ಲ. ಮೇಲಿನ ಉಪಸ್ವರಗಳಿಂದ ನಮ್ಮ ಮಿದುಳು ಮೂಲಸ್ವರವನ್ನು ಊಹಿಸಿಕೊಳ್ಳುತ್ತದಾದ್ದರಿಂದ ರಾಗವೇನೋ ತಿಳಿಯುತ್ತದೆ. ಆದರೆ ನಾದಕ್ಕೆ ಮೈ ಇರುವುದಿಲ್ಲ. ಜೊತೆಗೆ, ಮೆಲ್ಲಗೆ ನುಡಿಸಿದಾಗ ತಗ್ಗಿನ ಸ್ವರಗಳು ಮನುಷ್ಯನ ಕಿವಿಗೆ ಇನ್ನೂ ಕ್ಷೀಣವಾಗಿ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮುನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಆಗ ನಾವೇನು ಮಾಡುತ್ತೇವೆ? ಮೃದಂಗ ಕೇಳಲಿಲ್ಲವೆಂದು ಗುಂಡಿ ತಿರುಗಿಸಿ ಎಲ್ಲವನ್ನೂ ಏರಿಸುತ್ತೇವೆ. ಪಿಟೀಲು, ತಾಳ ಕಿವಿಗೆ ಇರಿಯತೊಡಗುತ್ತವೆ. ಕೆಲಸದ ಸ್ಥಳಗಳಿಗೆ ಈ ದೇಶದ ಆರೋಗ್ಯ ತಜ್ಞರು ಸೂಚಿಸಿರುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ. ಒಳಗಿವಿಯ ಸೂಕ್ಷ್ಮರೋಮದ ಕೋಶಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟುವುದಿಲ್ಲ. ಮಕ್ಕಳು ಅದೇ ಕೋಣೆಯಲ್ಲಿ ಕುಳಿತು ಮನೆಪಾಠ ಮಾಡುತ್ತಿರುತ್ತಾರೆಂಬುದನ್ನು ತಂದೆತಾಯಿಗಳು ಮರೆಯಬಾರದು.

ತಗ್ಗಿನ ನಾದಕ್ಕೆಂದೇ ಪ್ರತ್ಯೇಕವಾದ ಸ್ಪೀಕರ್, ಅಂದರೆ ಸಬ್‌ವೂಫರ್, ಇದ್ದರೆ ಒಟ್ಟು ಸದ್ದನ್ನು ಏರಿಸಬೇಕಾಗಿಲ್ಲ. ಅದಕ್ಕೆ ಪೆಟ್ಟಿಗೆ ಏಕೆ? ಸ್ಪೀಕರಿನ ಶಂಕುವಿನ ಹಿಂಬದಿಯ ಅಲೆ ಮುಂದಿನದರೊಡನೆ ಬೆರೆತರೆ ಎರಡೂ ಅಳಿಸಿಹೋಗುತ್ತವೆ. ಆದುದರಿಂದ ಅದನ್ನು ಕೂಡಿಹಾಕಬೇಕು. ಚಪ್ಪಟೆ ಹಲಗೆಗಳ ಪೆಟ್ಟಿಗೆಯಾದರೆ ಒಳಗಿನ ಒತ್ತಡಕ್ಕೆ ಹಲಗೆ ಬಾಗಿ ತಾನೂ ಗುಂಯ್‌ಗುಡುತ್ತದೆ. ದುಂಡನೆಯ ಗೋಡೆ ಬಾಗುವುದಿಲ್ಲ. ಒತ್ತಡ ಅದನ್ನು ಸುತ್ತಲೂ ಸಮನಾಗಿ ಹಿಗ್ಗಿಸಲೆಳಸುತ್ತದೆ, ಹಿಗ್ಗಿಸುವ ಬಲವನ್ನು ಕಾಗದ ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಳೆಯೊಂದನ್ನು ಅಂಚಿನ ಮೇಲೆ ನಿಲ್ಲಿಸಿದರೆ ಮುದುರಿ ಬೀಳುತ್ತದೆ; ಸುರುಳಿ ಸುತ್ತಿ ನಿಲ್ಲಿಸಿದರೆ ಪುಸ್ತಕವನ್ನು ಹೊರುತ್ತದೆ. ಕಾಗದದ ಸುರುಳಿ ನಮ್ಮ ವೃತ್ತಿಗೂ ಹೊಸದಲ್ಲ. 1816ರಲ್ಲಿ ಪ್ಯಾರಿಸಿನ ಲೆನೆಕ್ ಹೃದಯದ ಬಡಿತವನ್ನು ಮೊದಲು ಆಲಿಸಿದ್ದು ಸುತ್ತಿದ ಕಾಗದದ ಮೂಲಕ. ಸ್ಟೆತಾಸ್ಕೋಪು ಹುಟ್ಟಿದ್ದು ಅಲ್ಲಿಂದ.

ಕೊಳವೆಗೆ ಒಂದು ರಂಧ್ರನಾಳವನ್ನೂ ಕೂಡಿಸುತ್ತಾರೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂಕರಿಸುವುದಲ್ಲವೆ, ಅದೇ ತತ್ತ್ವ. ಅದಕ್ಕೆ ಹೆಸರು ಕೊಟ್ಟ ಹೆಲ್ಮ್‌ಹೋಲ್ಟ್ಸ್ ಕೂಡ ವೈದ್ಯರೇ ಎಂದು ಹೇಳಿಕೊಳ್ಳುವ ಹೆಮ್ಮೆಯನ್ನು ತಾವು ಮನ್ನಿಸಬೇಕು! 40 ಸೆಂಟಿಮೀಟರ್ ವ್ಯಾಸದ, 1 ಮೀಟರ್ ಎತ್ತರದ ಕೊಳವೆಯಲ್ಲಿ ಸುಮಾರು 125 ಲೀಟರ್ ಗಾಳಿ ಹಿಡಿಯುತ್ತದೆ. 10 ಸೆಂಟಿಮೀಟರ್ ವ್ಯಾಸದ, 40 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ನಾಳವನ್ನು ಇಳಿಬಿಟ್ಟರೆ ಅದು ಸೆಕೆಂಡಿಗೆ ಸುಮಾರು 20 ಕಂಪನಕ್ಕೆ, ಅಂದರೆ ಕಿವಿಯ ಕೆಳಮಿತಿಗೇ, ಶ್ರುತಿಗೂಡುತ್ತದೆ. ಆದರೆ ಈ ಅಳತೆ ಎಲ್ಲ ವೂಫರುಗಳಿಗೂ ಸಲ್ಲದು. ನೆವಿಲ್ ಥೀಲ್ 1961ರಲ್ಲೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲೂ ಆಸ್ಟ್ರೇಲಿಯದಲ್ಲಿ ರೂಪಿಸಿದ ಲೆಕ್ಕಾಚಾರದ ಅಂಕಿಗಳು ವೂಫರಿನೊಡನೆ ಬರುತ್ತವೆ. ಕೊಳ್ಳುವ ಮುನ್ನ ಅವನ್ನು ನೋಡಿ ಪೆಟ್ಟಿಗೆಯ ಗಾತ್ರವನ್ನು ನಿಶ್ಚಯಿಸಬೇಕು.

ಕಟ್ಟುವ ಕೆಲಸ ಶನಿವಾರ-ಭಾನುವಾರಗಳಲ್ಲಿ ಗ್ಯಾರೇಜಿನಲ್ಲಿ ಮುಗಿಯುವಂಥದು. ಕೊಳವೆಯ ಸುತ್ತ ವೃತ್ತಪತ್ರಿಕೆಯ ಹಾಳೆಯನ್ನು ಅಂಚಿಗಂಚು ಕೂಡುವಂತೆ ಸುತ್ತಿ ಗೆರೆ ಎಳೆದರೆ ಗರಗಸ ಓರೆಯಾಗದು. ತುದಿಗಳು ಚಪ್ಪಟೆಯಾದ್ದರಿಂದ ದೌರ್ಬಲ್ಯವೆಲ್ಲ ಅಲ್ಲಿಯೇ: 18 ಮಿಲಿಮೀಟರಿನ ಎರಡೆರಡು ಹಲಗೆಬಿಲ್ಲೆಗಳನ್ನು, ಒಂದು ಒಳಗೆ ಕೂರುವಂತೆ, ಒಂದು ಅಂಚಿನ ಮೇಲೆ ನಿಲ್ಲುವಂತೆ, ಜೋಡಿಸಿ ಅಂಟಿಸಬೇಕು. ಕಾಂಕ್ರೀಟು ಅಂಟದಿರಲೆಂದು ಕೊಳವೆಯ ಒಳಮೈಗೆ ಲೇಪ ಕೊಟ್ಟಿರುತ್ತಾರೆ. ಉಪ್ಪುಕಾಗದದಿಂದ ಉಜ್ಜದಿದ್ದರೆ ನಮ್ಮ ಅಂಟೂ ನಿಲ್ಲದು. ವೂಫರನ್ನು ಕೆಳಬಿಲ್ಲೆಗೆ ನೆಲದತ್ತ ಮುಖಮಾಡಿ ಬಿಗಿದು, ಅಂಗೈ ಅಗಲದ ಕಾಲುಗಳ ಮೇಲೆ ನಿಲ್ಲಿಸುವುದು ರೂಢಿ. ಎಲ್ಲ ಸಂದುಗಳಿಗೂ ಸಿಲಿಕೋನ್ ತುಂಬಿ, ಎದೆ ಪರೀಕ್ಷಿಸುವಂತೆ ಬೆರಳಿನಿಂದ ತಟ್ಟಿ ನೋಡಿ. ಬಿರುಕಿದ್ದರೆ ಸದ್ದೇ ಹೇಳುತ್ತದೆ. ಇದು ಬರಿಯ ಹವ್ಯಾಸಿಗಳ ಆಟವೆಂದು ತಿಳಿಯಬೇಡಿ. ನಮ್ಮ ದಕ್ಷಿಣ ಕ್ಯಾಲಿಫೋರ್ನಿಯದ ಹ್ಸು ರಿಸರ್ಚ್ ಸಂಸ್ಥೆ 1990ರ ದಶಕದಲ್ಲಿ ಕೊಳವೆಯಾಕಾರದ ಸಬ್‌ವೂಫರುಗಳನ್ನೇ ಮಾರಿ ಹೆಸರಾಯಿತು.

80 ಕಂಪನಕ್ಕಿಂತ ಕೆಳಗಿನ ಅಲೆ 4 ಮೀಟರಿಗೂ ಉದ್ದ. ಅದು ಯಾವ ದಿಕ್ಕಿನಿಂದ ಬಂದಿತೆಂದು ಕಿವಿಗೆ ತಿಳಿಯುವುದು ಕಷ್ಟ. ಆದಕಾರಣ ಒಂದೇ ಕೊಳವೆ ಸಾಕು, ಅದನ್ನು ಮೂಲೆಯಲ್ಲಿಡಬಹುದು. ಅಪಾರ್ಟ್‌ಮೆಂಟುಗಳಲ್ಲಿರುವವರು ಮಾತ್ರ ಪಕ್ಕದ ಮನೆಯವರ ಗೋಡೆಯಿಂದ ದೂರವಿಡಿ. ತಗ್ಗಿನ ನಾದ ಗೋಡೆಯನ್ನು ದಾಟುತ್ತದೆ. ಇನ್ನೊಂದು ಮಾತು: 1933ರ ಮಾರ್ಚ್ 10ರಂದು ನಡುಗಿದ ಲಾಂಗ್ ಬೀಚ್ ಇದು. ಮೀಟರೆತ್ತರದ ಭಾರವಾದ ಕೊಳವೆಯನ್ನು, ವಿಶೇಷವಾಗಿ ಪುಟ್ಟ ಮಕ್ಕಳಿರುವ ಮನೆಗಳಲ್ಲಿ, ಒಂದು ಪಟ್ಟಿಯಿಂದ ಗೋಡೆಯ ಒಳಗಂಬಕ್ಕೆ ಬಿಗಿಯಿರಿ.